ಶಾಮಲಮ್ಮನ ದನಿಗೆ ಎರಡು ಮನೆ

ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅದಕ್ಕೊಂದು ಹೊದಿಕೆ ಹೊಲಿಸುತ್ತೇವೆ, ಧೂಳು ಕೂರದಂತೆ ನೋಡಿಕೊಳ್ಳುತ್ತೇವೆ. ಆಮೇಲೆ ಶುರುವಾಗುತ್ತದೆ ತುರುಕುವುದು. ನಾಮಕರಣದ ಫೋಟೋ, ತಿರುಪತಿಯ ವಿಡಿಯೋ, ಯಾರದೋ ಮದುವೆಯ ಸಿ.ಡಿ., ಎಲ್ಲವೂ ಅದರ ಹೊಟ್ಟೆಗೆ. ಕೊನೆಗೊಂದು ದಿನ ಅದು ಇನ್ನು ಜಾಗವಿಲ್ಲ ಎಂದು ಹೇಳಿ ಕೂತುಬಿಡುತ್ತದೆ.

ಮುಳಬಾಗಿಲಿನ ನಮ್ಮ ಬೀದಿಯ ಕೃಷ್ಣಮೂರ್ತಿಯವರ ಮನೆಯಲ್ಲೂ 2009ರಲ್ಲಿ ಹೀಗೇ ಆಯಿತು. ಕೋಲಾರದ ಟೊಮೆಟೊ ಮಂಡಿಗಳ ಲೆಕ್ಕ ಬರೆಯುವುದು ಅವರ ಕೆಲಸ. ಅಚ್ಚುಕಟ್ಟಾದ ಮನುಷ್ಯ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಆ ಕಂಪ್ಯೂಟರಿನಲ್ಲಿ ಮಂಡಿಯ ಲೆಕ್ಕಕ್ಕಿಂತ ಬೆಲೆಬಾಳುವ ಒಂದು ವಸ್ತುವಿತ್ತು. ಅದು ಅವರ ತಾಯಿ ಶಾಮಲಮ್ಮನವರ ದನಿ.

ಶಾಮಲಮ್ಮ ಬಾರದೆ ನಮ್ಮ ಬೀದಿಯಲ್ಲಿ ಮದುವೆಯೇ ನಡೆಯುತ್ತಿರಲಿಲ್ಲ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗಿತ್ತಿಯನ್ನು ಗೇಲಿ ಮಾಡುವ ಹಾಡು, ಎಲ್ಲವೂ ಅವರ ಬಾಯಲ್ಲೇ. ಹಿಂದಿನ ವರ್ಷ ಅವರ ಗಂಟಲಿಗೆ ಆಪರೇಷನ್ ಆಗಬೇಕಾಯಿತು. ದನಿ ಮೊದಲಿನ ಹಾಗೆ ಇರಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಗ ಕೃಷ್ಣಮೂರ್ತಿಯವರ ನಾದಿನಿ ಮೃದುಲಾ ಒಂದು ಮೈಕು ತಂದು, ಆ ಕಂಪ್ಯೂಟರಿಗೇ ಸಿಕ್ಕಿಸಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅವಳು ಕೋಲಾರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಶಾಮಲಮ್ಮ ಹುರುಳಿಕಾಯಿ ಹೆಚ್ಚುತ್ತಲೇ ಹಾಡಿದರು. ಅಲ್ಲಲ್ಲಿ ಕುಕ್ಕರಿನ ಸೀಟಿಯೂ ದನಿಗೂಡಿಸಿತು. ಮಗ ತೊಟ್ಟಿಲಲ್ಲಿದ್ದಾಗ ಅವನಿಗೆಂದೇ ತಾವು ಕಟ್ಟಿ ಹಾಡಿದ್ದ ಜೋಗುಳವನ್ನೂ ಕೊನೆಗೆ ಹಾಡಿದರು. ಆಪರೇಷನ್ ಆದ ಮೇಲೆ ಅವರಿಗೆ ಉಳಿದದ್ದು ಪಿಸುಮಾತು ಮಾತ್ರ.

ಶ್ರಾವಣದಲ್ಲಿ ಕೃಷ್ಣಮೂರ್ತಿ ಬೆಂಗಳೂರಿಗೆ ಹೋಗಿ ದೊಡ್ಡದೊಂದು ಹಾರ್ಡ್ ಡಿಸ್ಕ್ ತಂದರು. ಕಂಪ್ಯೂಟರಿಗೆ ಹೊರಗಿನಿಂದ ವೈರು ಸಿಕ್ಕಿಸುವಂಥದ್ದು, ನೋಡಲು ದಪ್ಪ ಪುಸ್ತಕದಷ್ಟು. ಭಾನುವಾರ ಮನೆಗೆ ಬಂದ ಮೃದುಲಾಗೆ ಅದನ್ನು ಹೆಮ್ಮೆಯಿಂದ ತೋರಿಸಿದರು.

"ನೋಡಮ್ಮ, ಒಂದು ಟಿ.ಬಿ., ಅಂದ್ರೆ ಸಾವಿರ ಜಿ.ಬಿ. ನಮ್ಮನೆ ಮೂರು ತಲೆಮಾರು ಇದರಲ್ಲಿ ಹಿಡಿಯುತ್ತೆ. ಎಲ್ಲಾ ಇದಕ್ಕೆ ಹಾಕಿ ಕಂಪ್ಯೂಟರ್‌ನ ಫಾರ್ಮ್ಯಾಟ್ ಮಾಡಿಸಿ ಪೂರ್ತಿ ಖಾಲಿ ಮಾಡಿಸ್ದೆ. ಈಗ ಕುದುರೆ ಥರ ಓಡ್ತಿದೆ!"

ಮೃದುಲಾಳ ಮುಖ ಸಣ್ಣದಾಯಿತು. "ಅಂದ್ರೆ ಕಂಪ್ಯೂಟರ್‌ನಲ್ಲಿ ಈಗ ಅತ್ತೆ ಹಾಡಿಲ್ವಾ ಭಾವ?"

"ಅಲ್ಯಾಕೆ? ಇಲ್ಲಿದೆಯಲ್ಲ."

"ಹಾಗಾದ್ರೆ ಇದು ಬ್ಯಾಕಪ್ ಅಲ್ಲ ಭಾವ. ಸಾಮಾನು ಈ ರೂಮಿಂದ ಆ ರೂಮಿಗೆ ಸಾಗಿಸಿದ್ರಿ ಅಷ್ಟೇ. ಒಂದೇ ಕಡೆ ಇರೋದು ಒಂದಲ್ಲ ಒಂದು ದಿನ ಕೈ ಕೊಡುತ್ತೆ. ಇನ್ನೊಂದು ಡಿಸ್ಕ್ ತಗೊಳ್ಳಿ. ಅದನ್ನ ಬೇರೆ ಮನೇಲಿಡಿ."

"ಬೇರೆ ಮನೇಲಾ! ನಮ್ಮ ಸಾಮಾನು ಊರವರ ಮನೇಲಿ ಇಡೋದಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ಹೊಸಾ ಡಿಸ್ಕು ಕಣೇ ಇದು. ದೇವರ ಮನೇಲಿಟ್ಟಿದ್ದೀನಿ. ಏನಾಗುತ್ತೆ?"

ಹೆಂಡತಿ ವೆಂಕಟಲಕ್ಷ್ಮಿ ಕಾಫಿ ಲೋಟ ಕೈಗಿಡುತ್ತಾ ಕೇಳಿದರು. "ಅಲ್ಲಾ ರೀ, ಮಂಡಿಯವರ ಚಿಲ್ಲರೆ ಬಿಲ್ಲಿಗೂ ಕಾರ್ಬನ್ ಕಾಪಿ ಬೇಕು ಅಂತೀರಿ. ಅತ್ತೆ ದನಿಗೆ ಒಂದು ಕಾಪಿ ಬೇಡ್ವಾ?"

"ಅಕ್ಕ ತಂಗಿ ಸೇರ್ಕೊಂಡು ಶುರು ಮಾಡಿದ್ರಾ?" ಎಂದು ನಗುತ್ತಾ ಅವರು ಕಾಫಿ ಕುಡಿದರು. ಮಾತು ಅಲ್ಲಿಗೇ ನಿಂತಿತು.

ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಸ್ಕೂಟರಿಗೂ ಹಾರ, ಮಿಕ್ಸಿಗೂ ಕುಂಕುಮ. ಕೃಷ್ಣಮೂರ್ತಿ ಕಂಪ್ಯೂಟರನ್ನು ಚೆನ್ನಾಗಿ ಒರೆಸಿದರು. ಹೊಸ ಡಿಸ್ಕನ್ನು ಒಂದು ಮಣೆಯ ಮೇಲೆ ನಿಲ್ಲಿಸಿ, ಆ ಮಣೆಯನ್ನು ಮೇಜಿನ ಮೇಲಿಟ್ಟು, ಚೆಂಡು ಹೂವು ಮುಡಿಸಿದರು. ಅಮ್ಮನಿಗೆ ಈ ಸಲ ಆರತಿ ಹಾಡು ಹೇಳಲು ಆಗುವುದಿಲ್ಲವಲ್ಲ ಎಂದು ಅವರ ಮನಸ್ಸಿಗೆ ಚುಚ್ಚಿತ್ತು. ಅದಕ್ಕೇ ಡಿಸ್ಕಿನಲ್ಲಿದ್ದ ಅಮ್ಮನ ಹಾಡನ್ನೇ ಹಾಕಿದರು. ತಮ್ಮದೇ ದನಿ ಕೇಳಿ ಶಾಮಲಮ್ಮನ ಕಣ್ಣು ತುಂಬಿತು. ನಾವು ನೆರೆಯವರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು.

ಕೃಷ್ಣಮೂರ್ತಿ ಮಂಗಳಾರತಿ ತಟ್ಟೆ ಹಿಡಿದು ತಾಯಿಯ ಕಡೆ ತಿರುಗಿದರು. ಅವರ ಪಂಚೆಯ ಚುಂಗು ಡಿಸ್ಕಿನ ವೈರಿಗೆ ಸಿಕ್ಕಿಕೊಂಡಿತು. ಡಿಸ್ಕು ಮಣೆಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಹಾಡು ಅರ್ಧಕ್ಕೇ ನಿಂತಿತು. ಮತ್ತೆ ವೈರು ಸಿಕ್ಕಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಶಾಮಲಮ್ಮ ಮಗನ ಕೈ ಹಿಡಿದು ಪಿಸುಗುಟ್ಟಿದರು. "ಹೋಗ್ಲಿ ಬಿಡೋ ಕಿಟ್ಟಿ. ಕರ್ಪೂರ ಕೈ ಮೇಲೆ ಬೀಳ್ಲಿಲ್ಲ ತಾನೆ?"

ಆ ಮಾತಿಗೆ ಕೃಷ್ಣಮೂರ್ತಿ ಅತ್ತುಬಿಟ್ಟರು. ನಮಗೂ ತಡೆಯಲಾಗಲಿಲ್ಲ.

ಡಿಸ್ಕನ್ನು ಕೋಲಾರದ ಅಂಗಡಿಗೆ ಒಯ್ದರು. ಅಲ್ಲಿಂದ ಬೆಂಗಳೂರಿಗೂ ಹೋಯಿತು. ಏನೂ ಉಳಿದಿಲ್ಲ ಎಂದರು. ಮೃದುಲಾ ವಿವರಿಸಿ ಹೇಳಿದಳು. "ಅದರೊಳಗೆ ಪುಟ್ಟ ತಟ್ಟೆಗಳು ಗಿರಗಿರ ತಿರುಗ್ತಿರುತ್ತೆ ಭಾವ. ತಿರುಗೋವಾಗ ಬಿದ್ರೆ ಗೀರು ಬೀಳುತ್ತೆ. ಬೀಳದೆ ಇದ್ರೂ ಒಂದಿನ ಸವೆದು ಹೋಗುತ್ತೆ. ಡಿಸ್ಕ್ ಕೆಡೋದನ್ನ ತಪ್ಪಿಸೋಕಾಗಲ್ಲ. ಕೆಟ್ರೂ ನಮ್ಮದು ಉಳಿಯೋ ಹಾಗೆ ಮಾಡ್ಕೋಬಹುದು."

ಆಗ ವೆಂಕಟಲಕ್ಷ್ಮಿಗೆ ತಟ್ಟನೆ ನೆನಪಾಯಿತು. "ರೀ, ಬೈರಕೂರಿನ ಸಿ.ಡಿ.!"

ಬೈರಕೂರಿನಲ್ಲಿ ಶಾಮಲಮ್ಮನ ತಂಗಿ ವೆಂಕಟರತ್ನಮ್ಮ ಇದ್ದಾರೆ. ಆ ವರ್ಷದ ವೈಶಾಖದಲ್ಲಿ ಅವರ ಮೊಮ್ಮಗಳ ಮದುವೆಯಾಗಿತ್ತು. ಹಾಡಲು ಅಕ್ಕ ಬರಲಾರಳು ಎಂದು ಅವರು ಕೊರಗಿದಾಗ, ವೆಂಕಟಲಕ್ಷ್ಮಿ ಮದುವೆ ಹಾಡುಗಳ ಸಿ.ಡಿ. ಮಾಡಿಸಿ ತಾಂಬೂಲದ ಜೊತೆ ಕಳುಹಿಸಿದ್ದರು.

ಮರುದಿನ ಮೊದಲ ಬಸ್ಸಿಗೇ ಕೃಷ್ಣಮೂರ್ತಿ ಬೈರಕೂರಿಗೆ ಹೋದರು. ವೆಂಕಟರತ್ನಮ್ಮ ಬೀರುವಿನ ರೇಷ್ಮೆ ಸೀರೆಗಳ ನಡುವಿನಿಂದ ಸಿ.ಡಿ. ತೆಗೆದುಕೊಟ್ಟರು. "ಊರುಕೋರಾ ಕಿಟ್ಟಾ, ಅಳಬೇಡ. ನಿಮ್ಮಮ್ಮ ನಮ್ಮನೇಲಿ ಭದ್ರವಾಗಿದ್ದಾಳೆ" ಎಂದು ತೆಲುಗು ಬೆರೆಸಿ ಸಮಾಧಾನ ಹೇಳಿದರು.

ಹಸೆ ಹಾಡು ಸಿಕ್ಕಿತು. ಆರತಿ ಹಾಡು ಸಿಕ್ಕಿತು. ಬೀಗಿತ್ತಿಯ ಹಾಡೂ ಕುಕ್ಕರಿನ ಸೀಟಿಯೂ ಸಿಕ್ಕವು. ಜೋಗುಳ ಮಾತ್ರ ಇರಲಿಲ್ಲ. ಮದುವೆಗೆ ಜೋಗುಳ ಏಕೆಂದು ಅದನ್ನು ಸಿ.ಡಿ.ಗೆ ಹಾಕಿರಲಿಲ್ಲ. ತನಗೆಂದೇ ಕಟ್ಟಿದ್ದ ಹಾಡು ತನ್ನ ಹಟದಿಂದಲೇ ಹೋಯಿತೆಂದು ಕೃಷ್ಣಮೂರ್ತಿ ಬಹಳ ನೊಂದುಕೊಂಡರು.

ಆ ಭಾನುವಾರ ಅವರೇ ನಾದಿನಿಗೆ ಫೋನ್ ಮಾಡಿದರು. "ಮೃದುಲಾ, ಮೈಕ್ ತಗೊಂಡು ಬಾಮ್ಮ. ಅಮ್ಮನ ಹತ್ರ ಜೋಗುಳ ಹೇಳಿಸ್ಬೇಕು."

ಶಾಮಲಮ್ಮ ನಾಚಿಕೊಂಡರು. "ಈ ದನೀಲಿ ಏನ್ ರೆಕಾರ್ಡ್ ಮಾಡ್ತೀಯೋ? ಬರೀ ಗಾಳಿ ಬರುತ್ತೆ. ಲಕ್ಷ್ಮಿಗೆ ಹೇಳ್ಕೊಡ್ತೀನಿ, ಅವಳ್ ಹಾಡ್ಲಿ."

"ಲಕ್ಷ್ಮೀನೂ ಹಾಡ್ಲಿ. ಮೊದ್ಲು ನೀನು ಹೇಳು. ಇದೂ ನಿನ್ನ ದನೀನೇ ಅಲ್ವೇನಮ್ಮ?"

ಮುದುಕಿ ಪಿಸುದನಿಯಲ್ಲೇ ಶುರು ಮಾಡಿದರು. "ಬೆಕ್ಕೇ ಬೆಕ್ಕೇ ಸದ್ದು ಬೇಡ, ಕಿಟ್ಟಿ ಈಗ ಮಲಗ್ತಾನೆ..." ತಲೆ ನರೆತ ಕಿಟ್ಟಿ ಅಡುಗೆಮನೆಯ ನೆಲದ ಮೇಲೆ ಚಕ್ಕಂಬಟ್ಟೆ ಹಾಕಿಕೊಂಡು ಕೂತು ಕೇಳಿದರು. ಕುಕ್ಕರನ್ನು ಆರಿಸಲು ಹೋದ ವೆಂಕಟಲಕ್ಷ್ಮಿಯನ್ನು ಕೈಸನ್ನೆಯಿಂದಲೇ ತಡೆದರು.

ಅನಂತರ ಎರಡು ಹೊಸ ಡಿಸ್ಕು ಬಂದವು. ಸಿ.ಡಿ.ಯ ಹಾಡುಗಳನ್ನೂ ಜೋಗುಳವನ್ನೂ ಕಂಪ್ಯೂಟರಿಗೆ ಹಾಕಿ, ಅಲ್ಲಿರುವುದನ್ನು ಅಳಿಸದೆ ಎರಡಕ್ಕೂ ನಕಲು ಮಾಡಿದರು. ಒಂದು ಡಿಸ್ಕು ಮನೆಯ ಬೀರುವಿನಲ್ಲಿದೆ. ಇನ್ನೊಂದನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೃಷ್ಣಮೂರ್ತಿ ಬೈರಕೂರಿನ ಬಸ್ಸು ಹತ್ತಿದರು.

"ಏನ್ ಸಾರ್, ಟಿಫನ್ ಡಬ್ಬೀನಾ? ಮೇಲಿಡಿ" ಎಂದ ಕಂಡಕ್ಟರ್.

"ಇಲ್ಲಪ್ಪ, ಇದು ನಮ್ಮಮ್ಮ. ಚಿಕ್ಕಮ್ಮನ ಮನೇಲಿ ಬಿಟ್ಟು ಬರೋಕೆ ಹೋಗ್ತಿದ್ದೀನಿ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮ ಮನೆಯಲ್ಲಿ ಒಂದು ಮಾತು ಕೇಳಿ. ಮತ್ತೆ ತೆಗೆಯಲಾಗದ ಫೋಟೋ, ಮತ್ತೆ ಕೇಳಲಾಗದ ದನಿ ಒಂದೇ ಕಡೆ ಇದೆಯೇ? ಇದ್ದರೆ ದೊಡ್ಡದೊಂದು ಹಾರ್ಡ್ ಡಿಸ್ಕ್ ತನ್ನಿ, ಅದಕ್ಕೆ ನಕಲು ಮಾಡಿ, ಮೊದಲಿನದನ್ನು ಅಳಿಸಬೇಡಿ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಲ್ಲಿ 'ಇಜೆಕ್ಟ್' ಒತ್ತಿ, ಅದಕ್ಕೆ ತಿಳಿಸಿಯೇ ವೈರು ಬಿಚ್ಚಿ, ಡಿಸ್ಕನ್ನು ಜೋಪಾನವಾಗಿ ಎತ್ತಿಡಿ. ಹಬ್ಬಕ್ಕೊಮ್ಮೆಯಾದರೂ ತೆರೆದು ನೋಡಿ, ಹೊಸದನ್ನು ಸೇರಿಸಿ. ಆಗುವುದಾದರೆ ಇನ್ನೊಂದು ನಕಲನ್ನು ನಂಬಿಕೆಯ ನೆಂಟರ ಮನೆಯಲ್ಲಿಡಿ.

ಪೂಜೆ ಖಂಡಿತ ಮಾಡಿ. ಆದರೆ ಅದಕ್ಕೆ ಮೊದಲು ನಕಲು ಮಾಡಿ. ನಿಮ್ಮ ಅಮ್ಮನ ದನಿಗೂ ಎರಡು ಮನೆ ಇರಲಿ.