ಸಿದ್ದಮ್ಮನ ಪಾಲಿನ ಮಾತ್ರೆ

ಬೇಗೂರಿನ ಸಿದ್ದಮ್ಮನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಲಾವಣ್ಯ ಎಲೆಕ್ಟ್ರಾನಿಕ್ ಸಿಟಿಯ ಲ್ಯಾಬೊಂದರಲ್ಲಿ ಕ್ಯಾನ್ಸರಿಗೆ ಮದ್ದು ಹುಡುಕುವ ಕೆಲಸದವಳು. ಸಿದ್ದಮ್ಮನ ಗಂಡ ಚಿಕ್ಕಮುನಿಯಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಸೊಂಟದ ಮೂಳೆಗೂ ಇಳಿದಿತ್ತು. ಹಾಗಾಗಿ ಮುದುಕಿಯ ಪಾಲಿಗೆ ಲಾವಣ್ಯ ಬಾಡಿಗೆಯವಳಲ್ಲ, ದೇವರು. ದೇವರಾಗುವುದೇನು ಸುಲಭದ ಕೆಲಸವೇ?

"ಅಲ್ಲಿ ಏನ್ ಮಾಡ್ತೀಯವ್ವ, ನಂಗೂ ಒಸಿ ಏಳು," ಎಂದು ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ ಸಿದ್ದಮ್ಮ ಕೇಳಿದಳು.

"ಜೀವಕೋಶಕ್ಕೆ ಸಣ್ಣಸಣ್ಣ ಬಾಗಿಲು ಇರುತ್ವೆ ಅಮ್ಮ. ಉಪ್ಪಿನಂಶ, ಸುಣ್ಣದಂಶ ಅದರಲ್ಲಿ ಓಡಾಡುತ್ತೆ. ಆ ಬಾಗಿಲು ಮುಚ್ಚೋ ಮದ್ದು ಹಾಕಿದ್ರೆ, ಗಾಜಿನ ತಟ್ಟೇಲಿರೋ ಕ್ಯಾನ್ಸರ್ ಕೋಶ ಬೆಳೆಯೋದು ನಿಧಾನ ಆಗುತ್ತೆ. ನಿಮ್ಮ ಬಿಪಿ ಮಾತ್ರೆನೂ ಅಂಥದ್ದೇ ಒಂದು ಬಾಗಿಲು ಮುಚ್ಚೋದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಟ್ಟೆಯಲ್ಲಿ ಸಾಯುವುದೆಲ್ಲ ಮನುಷ್ಯನ ಮೈಯಲ್ಲಿ ಸಾಯುವುದಿಲ್ಲ ಎಂದು ಲಾವಣ್ಯ ಆಮೇಲೆ ಹೇಳಿದಳು. ಅದು ಸಿದ್ದಮ್ಮನ ಕಿವಿಗೆ ಬೀಳಲೇ ಇಲ್ಲ.

ಆ ಕಡೆಯ ಹೆಂಗಸರು ಒಂದು ಜೀವ ಬೇಡಬೇಕಾದರೆ ತಮ್ಮದೊಂದನ್ನು ಬಿಟ್ಟು ಹರಕೆ ಹೊರುತ್ತಾರೆ. ಒಬ್ಬಳು ಅನ್ನ ಬಿಟ್ಟಾಳು, ಇನ್ನೊಬ್ಬಳು ಎಲೆಅಡಿಕೆ. ಸಿದ್ದಮ್ಮ ಬಿಪಿ ಮಾತ್ರೆ ಬಿಟ್ಟಳು. ಗಂಡನಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಬೇರೆ ತರಬಹುದಿತ್ತು. ಕೊಂಡು ತಂದದ್ದು ಹರಕೆಯಾದೀತೇ? ತನ್ನ ಪಾಲಿನದನ್ನೇ ಪುಡಿ ಮಾಡಿ ಗಂಡನ ರಾಗಿ ಅಂಬಲಿಗೆ ಬೆರೆಸುತ್ತಾ ಹೋದಳು. ಯುಗಾದಿಯ ಹೊತ್ತಿಗೆ ಬಚ್ಚಲಲ್ಲಿ ಕುಸಿದು ಬಿದ್ದಳು. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ತೊದಲುತ್ತಲೇ ಗಂಡನಿಗೆ ಎಲ್ಲವನ್ನೂ ಹೇಳಿದಳು.

ವಾರ್ಡಿನ ಹೊರಗೆ ಚಿಕ್ಕಮುನಿಯಪ್ಪ ಲಾವಣ್ಯಳನ್ನು ತಡೆದು ನಿಲ್ಲಿಸಿ ಮಾತ್ರೆಯ ಕಥೆ ಹೇಳಿದ. "ನಂಗೇನೂ ಕಮ್ಮಿ ಆಗಿಲ್ಲ ಕಣವ್ವ. ಆದ್ರೆ ಗುಣ ಆಗ್ತೈತೆ ಅಂತ ಅವ್ಳಿಗೆ ಏಳು. ನೀನೇಳಿದ್ರೆ ನಂಬ್ತಾಳೆ. ಅಷ್ಟಾದ್ರೂ ನೆಮ್ಮದಿ ಇರ್ಲಿ."

ಲಾವಣ್ಯಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಹಾಸಿಗೆಯ ಪಕ್ಕ ಕೂತು, "ಮಾತ್ರೆ ಕೆಲಸ ಮಾಡ್ತಿದೆ ಅಮ್ಮ," ಎಂದಳು. ಸಿದ್ದಮ್ಮನ ಅರ್ಧ ಮುಖ ನಕ್ಕಿತು.

ಅಷ್ಟರಲ್ಲಿ ನರ್ಸ್ ಬಿಪಿ ಮಾತ್ರೆ ತಂದು ಬಾಯಿಗೆ ಹಿಡಿದಳು. ಸಿದ್ದಮ್ಮ ಹಲ್ಲು ಕಚ್ಚಿದಳು. ಎಡಗೈಯಿಂದ ನರ್ಸಿನ ಕೈಯನ್ನು, ಒಳಗೆ ಬಂದು ನಿಂತಿದ್ದ ಗಂಡನ ಕಡೆಗೆ ತಳ್ಳಿ, "ಅವ್ರ್ಗೆ... ಅವ್ರ್ಗೆ ಕೊಡು," ಎಂದಳು.

"ಇನ್ನೊಂದ್ಸಲ ಬಿಪಿ ಏರಿದ್ರೆ ಉಳಿಯಲ್ಲ ಇವ್ರು. ಸ್ವಲ್ಪ ಹೇಳಿ ಮೇಡಂ," ಎಂದಳು ನರ್ಸ್.

ಚಿಕ್ಕಮುನಿಯಪ್ಪ ತಲೆ ತಗ್ಗಿಸಿದ. ಇನ್ನು ದಾರಿಯಿರಲಿಲ್ಲ.

"ನಾನು ಸುಳ್ಳು ಹೇಳ್ದೆ ಅಮ್ಮ," ಎಂದಳು ಲಾವಣ್ಯ. "ಅವ್ರಿಗೆ ಗುಣ ಆಗಿಲ್ಲ. ಆ ಮಾತ್ರೆಯಿಂದ ಆಗೋದೂ ಇಲ್ಲ. ನೀವು ತಗೊಳ್ಳಿ."

ಸಿದ್ದಮ್ಮ ಅವಳನ್ನೇ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಅವನು ಅಲ್ಲವೆನ್ನಲಿಲ್ಲ.

"ಅಂಗಾದ್ರೆ... ನಂಗ್ಯಾಕೆ," ಎಂದು ಗೋಡೆಯ ಕಡೆಗೆ ಮುಖ ತಿರುಗಿಸಿ, ಮತ್ತೆ ಹಲ್ಲು ಕಚ್ಚಿಕೊಂಡಳು.