ಐದು ಹೆಸರು, ಐದು ಫೈಲು

ಕಾಯಂ ಹಾಜರಿ ಪುಸ್ತಕದಿಂದ ಹೆಸರು ಹೊಡೆದ ಮೇಲೂ ಮುತ್ತಮ್ಮ ಅದೇ ತೋಟದಲ್ಲಿ, ಅದೇ ಕಾಫಿ ಸಾಲಿನಲ್ಲಿ ಚಿಗುರು ತೆಗೆಯುತ್ತಿದ್ದಳು. ಕೆಲಸ ಬದಲಾಗಿರಲಿಲ್ಲ. ಕಾಯಂ ಆಳುಗಳಿಗೆ ಕೊಡುವ ಕಂಬಳಿ ಅವಳಿಗೆ ಸಿಗಲಿಲ್ಲ. ಗೊಬ್ಬರದ ಚೀಲ ಸೀಳಿ ತಲೆಗೆ ಹಾಕಿಕೊಂಡಿದ್ದಳು. ಜ್ವರ ಬಂದ ದಿನ ಕೂಲಿ ಇರಲಿಲ್ಲ. ಇಪ್ಪತ್ತಮೂರು ವರ್ಷ ಇದ್ದ, ಆಳುಗಳ ಸಾಲಿನ ಲೈನ್ ಮನೆಯನ್ನು ದಸರೆಯೊಳಗೆ ಬಿಡಬೇಕೆಂದು ಮೇಸ್ತ್ರಿ ಎರಡು ಸಲ ಹೇಳಿಹೋಗಿದ್ದ.

ತೋಟ ಗೋಣಿಬೀಡಿನಿಂದ ನಾಲ್ಕು ಮೈಲಿ. ನಾನು ಅಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದೆ. ಹಾಜರಿ ಹಾಕುವುದು, ಕೂಡುವುದು, ಭಾಗಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತನಾದ ಮೇಲೂ ಆಳುಗಳು ಅರ್ಜಿ ಬರೆಸಲು ನನ್ನ ಬಳಿಗೇ ಬರುತ್ತಾರೆ. ಮುತ್ತಮ್ಮನ ರಾಜೀನಾಮೆ ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಅವಳ ಗಂಡ ಗುರುವಯ್ಯ ಮರಗಸಿ ಮಾಡುವಾಗ, ನೆರಳಿನ ಕೊಂಬೆ ಕಡಿಯುತ್ತ, ಸಿಲ್ವರ್ ಮರದಿಂದ ಬಿದ್ದು ಸತ್ತು ಆರು ವರ್ಷವಾಗಿದೆ. ಉಳಿದವಳು ಮಗಳು ಸುಕನ್ಯಾ. ಅವಳು ಪಿಯುಸಿ ವಿಜ್ಞಾನದಲ್ಲಿ ಪಾಸಾದಳು. ವೈದ್ಯಕೀಯ ಓದಲು ಬೇಕಾದ ನೀಟ್ ಪರೀಕ್ಷೆಯನ್ನೂ ದಾಟಿದಳು. ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಸುದ್ದಿ ತಿಳಿದ ತೋಟದ ಯಜಮಾನ ಪರಮೇಶ್ವರಪ್ಪನವರು ಒಂದು ಬೆಳಿಗ್ಗೆ ಲೈನ್ ಮುಂದೆ ಜೀಪು ನಿಲ್ಲಿಸಿದರು.

“ಮುತ್ತಮ್ಮ, ಹುಡುಗೀನ ರಷ್ಯಾಕ್ಕೆ ಕಳ್ಸು. ಅಲ್ಲಿ ಡಾಕ್ಟ್ರು ಓದೋದು ಸಲೀಸು. ನಮ್ಮ ಭಾವಮೈದ ರೇಣುಕಪ್ರಸಾದ್ ಮೂಡಿಗೆರೆಲಿ ಆಫೀಸ್ ಇಟ್ಟಿದಾನೆ. ಅಪ್ಲಿಕೇಶನ್ನು, ವೀಸಾ, ಎಲ್ಲಾ ಅವ್ನೇ ನೋಡ್ಕೊಳ್ತಾನೆ.”

“ನಮ್ಮಂಥೋರ ಕೈಲಿ ಆಗ್ತದಾ ಸಾವ್ಕಾರ್ರೆ?”

“ಯಾಕಾಗಲ್ಲ? ನಿನ್ ಪಿಎಫ್ಫು, ಗ್ರಾಚ್ಯುಟಿ ಇಲ್ವಾ? ಕಾಯಂನಿಂದ ಹೆಸ್ರು ತೆಗ್ಸು, ಎರಡೂ ಪೂರ್ತಿ ಕೈಗೆ ಬರ್ತದೆ. ಕೆಲ್ಸಕ್ಕೆ ದಿನಗೂಲಿ ಲೆಕ್ಕದಲ್ಲಿ ಬಾ. ನಾನು ಬೇಡ ಅಂತೀನಾ?”

ಅವಳು ನನ್ನ ಬಳಿ ಬಂದಳು. ಆರು ವರ್ಷದ ಕಷ್ಟ, ಆಮೇಲೆ ಮಗಳು ಡಾಕ್ಟರು. ಲೆಕ್ಕ ಸರಿಯಾಗಿಯೇ ಕಂಡಿತು. “ತಡ ಮಾಡ್ಬೇಡ, ಸಹಿ ಹಾಕು” ಎಂದೆ. ಹಾಕಿದಳು.

ರೇಣುಕಪ್ರಸಾದನ ಆಫೀಸು ಬಸ್ ನಿಲ್ದಾಣದ ಎದುರು, ಒಂದು ಬಟ್ಟೆ ಅಂಗಡಿಯ ಮಗ್ಗುಲಲ್ಲಿತ್ತು. ಗೋಡೆಯ ಮೇಲೆ ಹಿಮದಲ್ಲಿ ನಿಂತು ನಗುವ ಮಕ್ಕಳ ಫೋಟೊ. ಸುಕನ್ಯಾ ಕೇಳಬೇಕಾದ್ದನ್ನು ಕೇಳಿದಳು.

“ಸರ್, ಅಲ್ಲಿ ಪಾಠ ರಷ್ಯನ್ನಲ್ಲೇ ಮಾಡ್ತಾರಂತೆ?”

“ಯಾರ್ ಹೇಳಿದ್ದು ಮಾರಾಯ್ತಿ? ಹೊರಗಿನ ಮಕ್ಕಳಿಗೆಲ್ಲಾ ಇಂಗ್ಲಿಷೇ. ರಷ್ಯನ್ನು ಅಂಗಡೀಲಿ ಬ್ರೆಡ್ ಕೇಳೋಕಾದ್ರೆ ಸಾಕು.”

ಅಂಕಪಟ್ಟಿಗಳಿಗೆ ದಿಲ್ಲಿಯಲ್ಲಿ ಸೀಲು ಹಾಕಿಸಬೇಕೆಂದು ಹೇಳಿ ಮೂಲಪ್ರತಿಗಳನ್ನು ಅವನೇ ಇಟ್ಟುಕೊಂಡ. ಮುತ್ತಮ್ಮನ ಇಪ್ಪತ್ತಮೂರು ವರ್ಷದ ದುಡ್ಡೂ ಅವನ ಮೇಜು ಸೇರಿತು.

ಬ್ರೆಡ್ ಕೇಳುವಷ್ಟಾದರೂ ಕಲಿಯೋಣವೆಂದು ಹುಡುಗಿ ಮೊಬೈಲಿನಲ್ಲಿ ರಷ್ಯನ್ ಅಕ್ಷರ ಕಲಿಯತೊಡಗಿದಳು. ನನ್ನಲ್ಲಿದ್ದ ಹಳೆಯ ಹಾಜರಿ ಹಾಳೆಗಳ ಬೆನ್ನ ಮೇಲೆ ಬರೆಯುತ್ತಿದ್ದಳು.

“ನೋಡಿ ರೈಟ್ರಜ್ಜ, ಇದು ಇಂಗ್ಲಿಷಿನ ಪಿ ಥರ ಕಾಣ್ತದೆ. ಓದೋದು ಮಾತ್ರ ರ.”

ಒಲೆಯ ಮುಂದಿದ್ದ ಮುತ್ತಮ್ಮ ನಕ್ಕಳು. “ಕಾಣೋದೊಂದು, ಓದೋದೊಂದು. ನಮ್ ಸಾವ್ಕಾರ್ರ ಮಾತಿದ್ದಂಗೆ.”

ಮೂರು ತಿಂಗಳು ಕಳೆಯಿತು. ವಿಶ್ವವಿದ್ಯಾಲಯದ ಪತ್ರ ಬಂತೆಂದು ರೇಣುಕಪ್ರಸಾದ್ ಒಂದು ನಕಲು ಕೊಟ್ಟು ಕಳಿಸಿದ. ಇಡೀ ಪತ್ರ ರಷ್ಯನ್ನಿನಲ್ಲಿತ್ತು. ತಾಯಿ ಅದನ್ನು ದೇವರ ಪಟದ ಮುಂದಿಟ್ಟಳು. ಮಗಳು ಅಲ್ಲಿಂದ ತೆಗೆದು ಎರಡು ದಿನ ಕೂತು, ಒಂದೊಂದೇ ಅಕ್ಷರ ಕೂಡಿಸಿ, ಮೊಬೈಲಿನಲ್ಲಿ ಅರ್ಥ ಹುಡುಕಿ ಓದಿದಳು. ಮೂರನೆಯ ದಿನ ನನ್ನ ಮನೆಗೆ ಬಂದಳು. ಕೈಯಲ್ಲಿ ಅದೇ ಪತ್ರವಿತ್ತು.

“ರೈಟ್ರಜ್ಜ, ಇಲ್ಲಿ ‘ಓದಿಸುವ ಭಾಷೆ’ ಅಂತ ಇದೆ. ಅದರ ಮುಂದೆ ‘ರೂಸ್ಕಿ’ ಅಂತ ಬರ್ದಿದಾರೆ. ರಷ್ಯನ್ನು. ಮೊದಲನೇ ವರ್ಷ ಬರೀ ಭಾಷೆ ಕಲಿಯೋದು. ಆಮೇಲಿನ ಪಾಠ ಎಲ್ಲಾ ಅದರಲ್ಲೇ.”

“ಕಲ್ತರಾಯ್ತು. ಈಗ ಕಲೀತಿಲ್ವಾ?”

“ಕಲೀಬಹುದು ಅಜ್ಜ. ಆದ್ರೆ ಇಂಗ್ಲಿಷಲ್ಲಿ ಓದದೇ ಇರೋ ಹೊರದೇಶದ ಡಿಗ್ರಿಗೆ ನಮ್ ದೇಶದಲ್ಲಿ ಡಾಕ್ಟ್ರಾಗಕ್ಕೆ ಬಿಡಲ್ಲ. ರೂಲ್ಸ್ ಹಂಗಿದೆ. ಏಳು ವರ್ಷ ಓದಿ ಬಂದ್ರೂ ಇಲ್ಲಿ ಒಂದು ಇಂಜೆಕ್ಷನ್ ಕೊಡಂಗಿಲ್ಲ. ಅವ್ರಿಗೆ ಇದು ಗೊತ್ತಿಲ್ದೆ ಇರ್ತದಾ?”

ಗೊತ್ತಿತ್ತು. ರಷ್ಯನ್ನಿನಲ್ಲಿ ಓದಿಸುವ ತರಗತಿಗೆ ನಮ್ಮ ದೇಶದ ಮಕ್ಕಳು ಸೇರುವುದು ಕಡಿಮೆ. ಆದ್ದರಿಂದ ಮಧ್ಯವರ್ತಿಗೆ ಕಮಿಷನ್ ಹೆಚ್ಚು. ಇದು ಆಮೇಲೆ ತಿಳಿದದ್ದು. ಆ ದಿನ ನನಗೆ ಬೇರೆಯೇ ಒಂದು ಲೆಕ್ಕ ಹೊಳೆಯಿತು. ಎರಡು ವರ್ಷದಲ್ಲಿ ಆ ತೋಟದಿಂದ ಐದು ಕಾಯಂ ಹೆಸರುಗಳು ಹೋಗಿದ್ದವು. ಐದೂ ರಾಜೀನಾಮೆ ನನ್ನ ಅಕ್ಷರದಲ್ಲಿದ್ದವು. ಲೈನಿನ ಮನೆಮನೆಗೂ ಹೋಗಿ ವಿಚಾರಿಸಿದೆ. ಐದೂ ಮನೆಯ ಮಕ್ಕಳ ಫೈಲು ರೇಣುಕಪ್ರಸಾದನ ಬೀರುವಿನಲ್ಲಿತ್ತು. ಒಂದು ಮಗುವೂ ವಿಮಾನ ಹತ್ತಿರಲಿಲ್ಲ. ಖಾಲಿಯಾದ ಮೂರು ಲೈನ್ ಮನೆಗಳಿಗೆ ಬಣ್ಣ ಹೊಡೆಸಿ, ದೇವರಮನೆ ಗುಡ್ಡ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದರು.

ಐದು ಹೆಸರು, ಐದು ಫೈಲು. ಭಾಗಿಸಿ ನೋಡಿದೆ. ಶೇಷ ಉಳಿಯಲಿಲ್ಲ.

ಸುಕನ್ಯಾ ಅಳುತ್ತ ಕೂರಲಿಲ್ಲ. ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಗೊತ್ತುಮಾಡಿಕೊಂಡಳು. ಶನಿವಾರ ಸಂಜೆ ನಾಲ್ಕರೊಳಗೆ ಅಂಕಪಟ್ಟಿಯ ಮೂಲಪ್ರತಿ ಒಪ್ಪಿಸಬೇಕು. ಇಲ್ಲವಾದರೆ ಸೀಟು ಇನ್ನೊಬ್ಬರಿಗೆ. ಶನಿವಾರ ಮಧ್ಯಾಹ್ನ ಒಂದಕ್ಕೆ ನಾವು ಮೂವರೂ ಮೂಡಿಗೆರೆಯ ಆ ಆಫೀಸಿನಲ್ಲಿದ್ದೆವು. ಎರಡು ಗಂಟೆಯ ಬಸ್ಸು ಹಿಡಿದರೆ ಸಮಯಕ್ಕೆ ಮುಟ್ಟಬಹುದಿತ್ತು. ಅದು ತಪ್ಪಿದರೆ ಮುಂದಿನದು ಮೂರೂವರೆಗೆ.

ಬೆಂಚಿನ ಮೇಲೆ ಏಳೆಂಟು ಜನ ಕಾಯುತ್ತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಕಾಗದ. ತುದಿಯಲ್ಲಿ ಕಳಸದ ಕಡೆಯ ಮಾರಯ್ಯ ಎಂಬ ಮುದುಕ. ಮೊಮ್ಮಗಳಿಗೆ ಬಂದ ರಷ್ಯಾದ ಪತ್ರ ಹಿಡಿದು ಬೆಳಿಗ್ಗೆಯೇ ಬಂದು ಕೂತಿದ್ದ.

ರೇಣುಕಪ್ರಸಾದ್ ಬೀರುವಿನಿಂದ ಅಂಕಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿದ. ಇನ್ನೊಂದು ಕೈಯಿಂದ ಒಂದು ಹಾಳೆ ಮುಂದೆ ತಳ್ಳಿದ.

“ಇಲ್ಲೊಂದು ಸಹಿ ಹಾಕಮ್ಮ, ತಗೊಂಡು ಹೋಗು. ನಾನೇನು ನಿನ್ ಮಾರ್ಕ್ಸ್ ಕಾರ್ಡು ಉಪ್ಪಿನಕಾಯಿ ಹಾಕ್ತೀನಾ?”

ಸುಕನ್ಯಾ ಓದಿದಳು. ‘ಬೋಧನಾ ಭಾಷೆ ರಷ್ಯನ್ ಎಂದು ನನಗೆ ಮೊದಲೇ ತಿಳಿಸಲಾಗಿತ್ತು. ಸ್ವಇಚ್ಛೆಯಿಂದ ಅರ್ಜಿ ಹಿಂಪಡೆಯುತ್ತಿದ್ದೇನೆ. ಕಟ್ಟಿದ ಹಣ ಕೇಳುವುದಿಲ್ಲ. ಎಲ್ಲಿಯೂ ದೂರು ಕೊಡುವುದಿಲ್ಲ.’

“ಸುಳ್ಳು ಇದು” ಎಂದಳು.

“ಸುಳ್ಳೋ ನಿಜವೋ, ಬಸ್ಸಿಗೆ ಇನ್ನು ಇಪ್ಪತ್ತೈದು ನಿಮಿಷ ಇದೆ.”

ನಾನು ಗಡಿಯಾರ ನೋಡಿದೆ. ಒಂದು ವರ್ಷ ಒಂದು ಕಡೆ, ಒಂದು ಸಹಿ ಇನ್ನೊಂದು ಕಡೆ. “ತಡ ಮಾಡ್ಬೇಡ ಮಗಾ, ಹಾಕ್ಬಿಡು” ಎಂದೆ.

ಮುತ್ತಮ್ಮ ನನ್ನ ಕಡೆ ತಿರುಗಿದಳು. ಅವಳು ದನಿ ಏರಿಸಲಿಲ್ಲ.

“ನನ್ ಹೆಸ್ರು ಹೊಡ್ಸೋವಾಗ್ಲೂ ನೀವು ಹಿಂಗೇ ಅಂದ್ರಿ ರೈಟ್ರೇ.”

ಸುಕನ್ಯಾಗೆಂದು ತೆಗೆದಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

“ಅವ್ವಾ, ಹಾಕಿದ್ರೆ ಇವತ್ತೇ ಕಾಲೇಜಿಗೆ ಸೇರ್ತೀನಿ. ಹಾಕ್ದಿದ್ರೆ ಒಂದು ವರ್ಷ ಹೋಗ್ತದೆ. ಎಂತ ಮಾಡ್ಲಿ?”

“ಒಂದು ವರ್ಷ ತಾನೇ? ಹಾಕಿದ್ರೆ ಇವ್ರಿಗೆಲ್ಲ ಯಾರು ಹೇಳೋದು?” ಮುತ್ತಮ್ಮ ಗದ್ದದಿಂದಲೇ ಬೆಂಚಿನ ಕಡೆ ತೋರಿಸಿದಳು.

ಸುಕನ್ಯಾ ಹಾಳೆಯನ್ನು ಕೈಗೆತ್ತಿಕೊಂಡಳು. ಬೆಂಚಿನ ಕಡೆ ತಿರುಗಿ ನಿಂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ರಷ್ಯಾದ ಪತ್ರದಲ್ಲಿ ಏನಿದೆ, ಆ ಡಿಗ್ರಿ ಇಲ್ಲಿ ಯಾಕೆ ನಡೆಯುವುದಿಲ್ಲ, ಒಂದೊಂದಾಗಿ ಹೇಳಿದಳು.

“ಏಯ್, ನಿಲ್ಸೆ! ಇದೇನು ಭಾಷಣ?” ರೇಣುಕಪ್ರಸಾದ್ ಎದ್ದ. “ಅವ್ಳಿಗೆ ತಲೆ ಕೆಟ್ಟಿದೆ. ಯಾರೂ ನಂಬಬೇಡಿ.”

ಮಾರಯ್ಯ ನಿಧಾನವಾಗಿ ಎದ್ದು ತನ್ನ ಕವರಿನಿಂದ ಕಾಗದ ತೆಗೆದ. “ನಮ್ ಹುಡುಗೀದೂ ಒಂಚೂರು ನೋಡವ್ವ. ಇಂಗ್ಲಿಷ್ ಅಂತ್ಲೇ ಹೇಳಿದ್ರು.”

ಅವಳು ಬೆರಳಿಟ್ಟು ಹುಡುಕಿದಳು. “ಇದ್ರಲ್ಲೂ ಅದೇ ಇದೆ ತಾತ. ರೂಸ್ಕಿ.”

“ನಂದೂ ನೋಡು” ಎಂದು ಒಬ್ಬ ಹೆಂಗಸು ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಎದುರಿನ ನಿಲ್ದಾಣದಿಂದ ಎರಡು ಗಂಟೆಯ ಬಸ್ಸು ಹೊರಟಿತು. ಸುಕನ್ಯಾ ಒಂದು ಕ್ಷಣ ಓದು ನಿಲ್ಲಿಸಿ ಅದರ ಶಬ್ದ ಕೇಳಿದಳು. ಆಮೇಲೆ ಮುಂದಿನ ಕಾಗದಕ್ಕೆ ಕೈ ಚಾಚಿದಳು.

“ಮುಗೀತು ನಿನ್ ವರ್ಷ” ಎಂದ ರೇಣುಕಪ್ರಸಾದ್. “ಎಲ್ಲಾ ಹೊರಡಿ. ಇವತ್ತು ಆಫೀಸ್ ಬಂದ್.”

ಅವನು ಷಟರ್ ಎಳೆಯಲು ಬಾಗಿಲ ಕಡೆ ನಡೆದ. ಅಷ್ಟರಲ್ಲಿ ಮುತ್ತಮ್ಮ ಹೊಸ್ತಿಲ ಮೇಲೆ, ಷಟರ್ ಬಂದು ಬೀಳುವ ಜಾಗದಲ್ಲಿಯೇ, ಕಾಲು ಚಾಚಿ ಕುಳಿತಿದ್ದಳು. ಮಾರಯ್ಯ ಹೋಗಿ ಅವಳ ಪಕ್ಕದಲ್ಲಿ ಕುಳಿತ. ಉಳಿದವರೂ ಬಂದರು. ನಾನೂ ಹೋಗಿ ಕುಳಿತೆ.

“ಮಕ್ಕಳ ಕಾರ್ಡು ಎಲ್ಲಾ ಈಚೆ ತೆಗೀರಿ, ಆಮೇಲೆ ಎಳೀರಂತೆ” ಎಂದಳು ಮುತ್ತಮ್ಮ. “ನಂಗೆ ಅವಸರ ಇಲ್ಲ. ಸೋಮವಾರ ಹಾಜರಿ ಕರೆಯೋಕೆ ನನ್ ಹೆಸ್ರೇ ಇಲ್ವಲ್ಲ.”