ಕತ್ತಿನಿಂದ ಕೆಳಗೆ

ಹನ್ನೊಂದು ವರ್ಷದಿಂದ ನನ್ನ ಗಂಡನ ತಲೆ ತೆಗೆಯುವುದೇ ನನ್ನ ಉದ್ಯೋಗ. ಹೀಗೆಂದರೆ ಕೇಳಿದವರು ನಗುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ನಾನು ಒಂದು ಸಿನಿಮಾ ಕಂಪನಿಯ ಆಫೀಸಿನಲ್ಲಿ ಪೋಸ್ಟರ್ ಮಾಡುವವಳು. ಪೋಸ್ಟರಿಗಾಗಿ ಹೀರೋ ಬಂದು, ನಿಂತು, ಫೋಟೋ ತೆಗೆಸಿಕೊಳ್ಳುತ್ತಾನೆ ಎಂದು ನೀವು ನಂಬಿದ್ದರೆ ನಿಮಗೊಂದು ದೊಡ್ಡ ನಮಸ್ಕಾರ. ನಮ್ಮ ಕಂಪನಿಯ ಹೀರೋ ಶೂಟಿಂಗಿಗೇ ಹೊತ್ತಿಗೆ ಸರಿಯಾಗಿ ಬರುವ ಗಿರಾಕಿಯಲ್ಲ. ವರ್ಷಕ್ಕೊಮ್ಮೆ ಅವನ ಕಡೆಯವರು ಮುಖದ ಒಂದಷ್ಟು ಫೋಟೋ ಕಳಿಸುತ್ತಾರೆ. ನಕ್ಕಿದ್ದು, ಕೆರಳಿದ್ದು, ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು. ಮೈಯನ್ನು ನಾವೇ ಹೊಂದಿಸಿಕೊಳ್ಳಬೇಕು. ಆ ಮೈ ನನ್ನ ಗಂಡನದು.

ಆಫೀಸಿನ ಹಿಂದಿನ ಕೋಣೆಯ ಗೋಡೆಗೆ ಬೂದು ಬಣ್ಣದ ಬಟ್ಟೆ ಇಳಿಬಿಟ್ಟಿದ್ದೇವೆ. ಇವರು ಒಮ್ಮೆ ಪೊಲೀಸ್ ಡ್ರೆಸ್ಸಿನಲ್ಲಿ, ಒಮ್ಮೆ ಚರ್ಮದ ಜಾಕೆಟ್ಟಿನಲ್ಲಿ, ಒಮ್ಮೆ ಹರಿದ ಬನಿಯನ್ನಿನಲ್ಲಿ ಅದರ ಮುಂದೆ ಎದೆಯುಬ್ಬಿಸಿ ನಿಲ್ಲುತ್ತಾರೆ. ನಾನು ಸ್ಟೂಲು ಹತ್ತಿ ಫೋಟೋ ತೆಗೆಯುತ್ತೇನೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಚಿತ್ರವನ್ನು ದೊಡ್ಡದು ಮಾಡಿಕೊಂಡು, ಕಾಲರಿನ ಸುತ್ತ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತಾ ಇವರ ತಲೆಯನ್ನು ಬಿಡಿಸುತ್ತೇನೆ. ಹೀರೋನ ತಲೆ ಕೂರಿಸುವುದೇನೂ ಕಷ್ಟವಲ್ಲ. ಕತ್ತಿನ ಬಣ್ಣ ಕೂಡಬೇಕು, ಗಲ್ಲದ ನೆರಳು ಬೆಳಕು ಬಂದ ಕಡೆಗೆ ಸರಿಯಾಗಿ ಬೀಳಬೇಕು. ಪ್ರಾಣ ತಿನ್ನುವುದು ಅದೇ. ಎಲ್ಲ ಮುಗಿದ ಮೇಲೆ ಇವರ ತಲೆಯಿದ್ದ ಲೇಯರ್ ಅಳಿಸಿ, ಫೈಲ್ ಕಳಿಸಿ, ಕೈತೊಳೆದುಕೊಳ್ಳುತ್ತೇನೆ.

ಇವರು ಈ ಆಫೀಸಿಗೆ ಬಂದದ್ದು ನಟನಾಗಲು. ಕೈಯಲ್ಲಿ ತಮ್ಮ ಹತ್ತು ಫೋಟೋ ಹಿಡಿದುಕೊಂಡು ಇಡೀ ದಿನ ಬೆಂಚಿನ ಮೇಲೆ ಕೂತಿದ್ದರು. ಹೀರೋನಷ್ಟೇ ಎತ್ತರ, ಹೀರೋಗಿಂತ ಅಗಲ ಭುಜ. ಅವತ್ತು ಅರ್ಜೆಂಟಿಗೆ ಒಂದು ಮೈ ಬೇಕಾಗಿತ್ತು. ಸ್ವಲ್ಪ ನಿಂತುಕೊಳ್ಳಿ ಎಂದೆ. ಮುಖ ನೋಡಿ ಮೆಚ್ಚಿದವಳು ನಾನು, ಮೈ ನೋಡಿ ಮೆಚ್ಚಿದ್ದು ಆಫೀಸು. ನನ್ನನ್ನು ಮದುವೆಯಾದರು, ಆಫೀಸಿಗೆ ಬಾಡಿಯಾದರು. ಅಲ್ಲಿ ಇವರನ್ನು ಕರೆಯುವುದೇ ಹಾಗೆ. "ಬಾಡಿ ಬಂತಾ?" ಎಂದು ಕೇಳುತ್ತಾರೆ. ನನ್ನ ಎದುರೇ ಕೇಳುತ್ತಾರೆ.

ಮನೆಯಲ್ಲಿ ಇದನ್ನು ಸಂಭ್ರಮಿಸುವವರು ಅತ್ತೆ ಒಬ್ಬರೇ. ಹೊಸ ಪೋಸ್ಟರ್ ಅಂಟಿಸಿದಾಗಲೆಲ್ಲ ನಮ್ಮ ಬೀದಿಯ ಬಸ್ ಸ್ಟಾಪಿಗೆ ಹೋಗಿ, ಹೀರೋನ ಎದೆಗೆ ಬೆರಳು ತೋರಿಸಿ, ನನ್ನ ಮಗ ಎಂದು ನಿಂತವರಿಗೆಲ್ಲ ಹೇಳುತ್ತಾರೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ ವಯಸ್ಸಾಗಿದೆ ಎಂದುಕೊಂಡು ಬಸ್ಸು ಹತ್ತುತ್ತಾರೆ.

ಈ ವರ್ಷ ಇವರಿಗೆ ಒಂದು ಪಾತ್ರ ಸಿಕ್ಕಿತು. ಹೀರೋನ ಹಳೇ ಗೆಳೆಯ, ಇಂಟರ್‌ವಲ್ಲಿಗೆ ಮುಂಚೆ ಸಾಯುವವನು. ಹನ್ನೊಂದು ನಿಮಿಷ, ಮಾತಿದೆ, ಒಂದು ಕಡೆ ಅಳುವುದೂ ಇದೆ. ಡೈರೆಕ್ಟರು ಒಳ್ಳೆಯ ಮನುಷ್ಯ. ಪೋಸ್ಟರಿನ ಕೆಳಗಡೆ ಐದು ಜನರ ಸಾಲಿನಲ್ಲಿ ಇವರನ್ನೂ ಹಾಕಿ ಎಂದು ತಾವಾಗಿಯೇ ಹೇಳಿದರು. ಇವರಿಗೆ ನಲವತ್ಮೂರು. ಮಂಡಿ ನೋವು ಶುರುವಾಗಿದೆ, ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಉಸಿರು ಕಟ್ಟುತ್ತದೆ. ಇನ್ನೊಂದು ಹೊಸ ಬಾಡಿಯನ್ನು ಆಫೀಸಿನವರು ಆಗಲೇ ನೋಡಿಟ್ಟಿದ್ದರು. ಮೈಯಿಂದ ಇನ್ನು ನಡೆಯುವುದಿಲ್ಲ ಎಂದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಮುಖ ಬೀದಿಗೆ ಬಂದರೆ ನಾಲ್ಕು ಜನ ಗುರುತು ಹಿಡಿಯುತ್ತಾರೆ, ಯಾರಾದರೂ ಕರೆಯುತ್ತಾರೆ. ಬರದಿದ್ದರೆ ಅಲ್ಲಿಗೆ ಮುಗಿಯಿತು. ಅತ್ತೆಗೆ ಹೇಳಿದರು, ಕ್ಷೌರದಂಗಡಿಯವನಿಗೆ ಹೇಳಿದರು, ಟೀ ಅಂಗಡಿಯವನಿಗೆ ಹೇಳಿದರು. ಬಾಯಿಗೆ ಬೀಗ ಹಾಕ್ರೀ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಪೋಸ್ಟರನ್ನು ನಾನು ಎಷ್ಟು ಪ್ರೀತಿಯಿಂದ ಮಾಡಿದೆನೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಇವರ ಒಂದು ಫೋಟೋದಲ್ಲಿ ಕತ್ತಿಗೆ ಕೈ ಹಾಕಲಿಲ್ಲ. ಮೈ ಇವರದು, ಮುಖ ಇವರದು, ಒಂದೇ ಫೋಟೋ. ಕಿವಿಯ ಹತ್ತಿರದ ನರೆಗೂದಲನ್ನು ಕೂಡ ಒಂದೊಂದೇ ಎಳೆಯಾಗಿ ಬಿಡಿಸಿ, ಹಿಂದಿನ ಬೂದು ಬಣ್ಣ ತೆಗೆದು, ಸಾಲಿನಲ್ಲಿ ಎಡದಿಂದ ಎರಡನೆಯವರಾಗಿ ನಿಲ್ಲಿಸಿದೆ. ಮೇಲೆ ಹೀರೋ ದೊಡ್ಡದಾಗಿ, ಎಂದಿನ ಹಾಗೆ ಇವರ ಮೈಯಲ್ಲಿ ನಿಂತಿದ್ದ.

ಮಧ್ಯಾಹ್ನ ಪ್ರಚಾರದ ಮ್ಯಾನೇಜರ್ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಎಲ್ಲ ನೋಡಿ, ಬಣ್ಣ ಚೆನ್ನಾಗಿದೆ ಎಂದು ಹೇಳಿ, ಇವರ ಮುಖದ ಮೇಲೆ ಬೆರಳಿಟ್ಟ.

"ಇದೊಂದು ಸರಿ ಮಾಡಿ ಮೇಡಂ. ತಲೆ ಅಂಟಿಸಿದ್ದು ಗೊತ್ತಾಗ್ತಿದೆ."

ಅಂಟಿಸಿಲ್ಲ, ಅದು ಇದ್ದ ಹಾಗೇ ಇರುವ ಫೋಟೋ ಎಂದೆ. ಅವನು ನಕ್ಕು, ಮೌಸು ತಾನೇ ತೆಗೆದುಕೊಂಡು ಇವರ ಕತ್ತನ್ನು ಪರದೆಯ ತುಂಬ ದೊಡ್ಡದು ಮಾಡಿದ. ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದ. ಅವರೂ ತಲೆ ಓರೆ ಮಾಡಿ ನೋಡಿ, ಕತ್ತು ಕೂಡಿಲ್ಲ ಎಂದರು. ಹೀರೋ ಬಾಡಿಗೆ ಬೇರೆ ಯಾರದೋ ತಲೆ ಇಟ್ಟಂತಿದೆಯಂತೆ. ನನಗೆ ಮೈಯೆಲ್ಲ ಉರಿಯಿತು. ಆ ಬಾಡಿ ಯಾರದೆಂದು ನಿಮಗೆ ಗೊತ್ತಿಲ್ಲವೇ, ದಿನಾ ಅದೇ ಹೆಸರಿನಿಂದ ಕರೆಯುವವರು ನೀವಲ್ಲವೇ ಎಂದು ಕೇಳಿದೆ.

"ನಮಗೆ ಗೊತ್ತು ಮೇಡಂ, ಜನಕ್ಕೆ ಗೊತ್ತಾ?" ಎಂದ ಮ್ಯಾನೇಜರ್. "ಹತ್ತು ವರ್ಷದಿಂದ ಗೋಡೆ ಗೋಡೆ ಮೇಲೆ ಈ ಬಾಡಿನ ಹೀರೋದು ಅಂತಲೇ ನೋಡಿದಾರೆ. ಅಭಿಮಾನಿಗಳು ಸುಮ್ನೆ ಬಿಡ್ತಾರಾ?"

ಹಾಗಾದರೆ ಹೀರೋಗೇ ಬೇರೆ ಮೈ ಹಾಕುತ್ತೇನೆ ಎಂದೆ. ಅವನು ನನ್ನನ್ನು ತಲೆಕೆಟ್ಟವಳನ್ನು ನೋಡುವಂತೆ ನೋಡಿದ.

"ಅದು ಹೇಗಾಗುತ್ತೆ? ಅದು ಅವರ ಬಾಡಿ."

ನಾಲ್ಕು ಗಂಟೆಗೆ ಪ್ರಿಂಟಿಗೆ ಹೋಗಬೇಕು. ಇವರನ್ನು ತೆಗೆದುಬಿಡಿ, ಇಲ್ಲ ಇವರಿಗೆ ಬೇರೆ ಮೈ ಹಾಕಿ ಎಂದು ಹೇಳಿ ಹೊರಟುಹೋದ. ನಾನು ಪರದೆಯನ್ನೇ ನೋಡುತ್ತಾ ಕೂತೆ. ಯಾರ ಹತ್ತಿರವೂ ಹೇಳದ ಮಾತೊಂದಿದೆ, ಇಲ್ಲಿ ಹೇಳಿಬಿಡುತ್ತೇನೆ. ನೋಡುತ್ತಾ ನೋಡುತ್ತಾ ನನಗೂ ಆ ತಲೆ ಅಂಟಿಸಿದಂತೆಯೇ ಕಂಡಿತು. ದಿನಾ ಬೆಳಗ್ಗೆ ಎದ್ದು ನೋಡುವ ಮುಖ, ಹನ್ನೊಂದು ವರ್ಷ ಅಳತೆ ಮಾಡಿದ ಭುಜ. ಎರಡೂ ಒಂದಕ್ಕೊಂದು ಸೇರಿದವಲ್ಲ ಎಂದು ನನ್ನ ಕಣ್ಣೇ ಹೇಳಿತು.

ಇವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಇವರು ಕೇಳಿದ್ದು ಒಂದೇ.

"ಮುಖ ಇರುತ್ತೆ ತಾನೇ?"

"ಇರುತ್ತೆ."

"ಹಾಗಾದ್ರೆ ಮಾಡು."

ಫೋಟೋ ಮಾರುವ ಒಂದು ವೆಬ್‌ಸೈಟಿನಲ್ಲಿ ಹುಡುಕಿ, ಚೌಕಳಿ ಅಂಗಿ ತೊಟ್ಟು ಕೈಕಟ್ಟಿ ನಿಂತಿದ್ದ ಒಬ್ಬನನ್ನು ತೆಗೆದುಕೊಂಡೆ. ಮೂರು ಮುಕ್ಕಾಲಿಗೆ ಕೆಲಸ ಮುಗಿಯಿತು. ಮ್ಯಾನೇಜರ್ ನೋಡಿ, ಈಗ ನ್ಯಾಚುರಲ್ಲಾಗಿದೆ ಎಂದ.

ವಾರದ ನಂತರ ಬಸ್ ಸ್ಟಾಪಿನಲ್ಲಿ ಪೋಸ್ಟರ್ ಅಂಟಿಸಿದರು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತೆಯ ಕೈ ಹಿಡಿದು ಹೊರಟರು. ನಾನು ಬರುವುದಿಲ್ಲ ಎಂದರೆ ಕೇಳಲಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಪೋಸ್ಟರಿನಲ್ಲಿದ್ದ ಇವರ ಮುಖವನ್ನು ಹತ್ತಿರದಿಂದ ನೋಡಿದರು. ಆಮೇಲೆ ಅದರ ಕೆಳಗಿದ್ದ ಚೌಕಳಿ ಅಂಗಿಯನ್ನು ನೋಡಿದರು.

"ಮುಖವೇನೋ ಇವನದೇ. ಇದು ಯಾರು?" ಎಂದರು. ಹಾಗೆಂದವರು ಹಿಂದೆ ಸರಿದು, ಎಂದಿನಂತೆ ಹೀರೋನ ಎದೆಯ ಮೇಲೆ ಅಂಗೈ ಇಟ್ಟರು. "ನನ್ನ ಮಗ ಇಲ್ಲಿದಾನಲ್ಲ."

ಇವರು ಅಮ್ಮನಿಗೆ ತಿಳಿಹೇಳುತ್ತಿದ್ದಾಗಲೇ ಟೀ ಅಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಟ್ಟು ಬಂದ. ಪೋಸ್ಟರ್ ನೋಡಿದ, ಇವರನ್ನು ನೋಡಿದ, ಕೊನೆಗೆ ನನ್ನನ್ನು ನೋಡಿ ಬಾಯ್ತುಂಬ ನಕ್ಕ. ಅವನು ಕೆಟ್ಟವನಲ್ಲ, ಖುಷಿಯಿಂದಲೇ ಹೇಳಿದ.

"ಅಕ್ಕ ಕಂಪ್ಯೂಟರಲ್ಲಿ ಅಣ್ಣನ್ನೂ ಸೇರಿಸಿಬಿಟ್ಟಿದಾರೆ. ಹೆಂಡ್ತಿ ಅಂದ್ರೆ ಹೀಗಿರಬೇಕು."

ಇಲ್ಲಪ್ಪ, ನಾನು ನಿಜವಾಗಲೂ ಆಕ್ಟ್ ಮಾಡಿದ್ದೇನೆ, ಹನ್ನೊಂದು ನಿಮಿಷ ಇದ್ದೇನೆ ಎಂದು ಇವರು ಹೇಳಿದರು. ಅವನು ಹೌದೌದು ಎಂದು ಬೆನ್ನು ತಟ್ಟಿ ಒಳಗೆ ಹೋದ. ಕ್ಷೌರದಂಗಡಿಯವನೂ ಅದನ್ನೇ ಹೇಳಿದನಂತೆ. ಸಿನಿಮಾ ಬಂದು ಎರಡೇ ವಾರದಲ್ಲಿ ಹೋಯಿತು. ನಮ್ಮ ಬೀದಿಯವರು ಯಾರೂ ನೋಡಲಿಲ್ಲ. ಯಾರೂ ಕರೆಯಲಿಲ್ಲ. ಫೋನ್ ಬಂದದ್ದು ಆಫೀಸಿನಿಂದ ಮಾತ್ರ. ಇನ್ನು ಮೇಲೆ ಬಾಡಿ ಬರಬೇಕಾಗಿಲ್ಲ, ಹೊಸದು ಸಿಕ್ಕಿದೆ, ಹಳೆಯ ಫೋಟೋಗಳೂ ಬೇಕಾದಷ್ಟಿವೆ ಎಂದರು.

ಆ ಫೋನ್ ಬಂದ ದಿನ ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಆ ಚೌಕಳಿ ಅಂಗಿಯವನು ಯಾರೇ?"

ಗೊತ್ತಿಲ್ಲ, ಕೊಂಡ ಫೋಟೋ ಎಂದೆ.

"ಅವನ ತಲೆ ಏನು ಮಾಡಿದೆ?"

"ಅಳಿಸಿದೆ."

"ನೋಡೋಕೆ ಹೇಗಿದ್ದ?"

ನಾನು ಒಲೆ ಆರಿಸಿ ಯೋಚಿಸಿದೆ. ಅವನ ಅಂಗಿಯ ಗುಂಡಿ ನೆನಪಿತ್ತು, ಕೈಕಟ್ಟಿದ್ದ ರೀತಿ ನೆನಪಿತ್ತು, ಬೆಳಕು ಎಡಗಡೆಯಿಂದ ಬಿದ್ದಿತ್ತು ಎನ್ನುವುದೂ ನೆನಪಿತ್ತು.

"ನೋಡಲಿಲ್ಲ ರೀ" ಎಂದೆ.

ಇವರು ಮೆಲ್ಲಗೆ, ನನಗಲ್ಲ ಎನ್ನುವ ಹಾಗೆ ಹೇಳಿದರು.

"ಅವನೂ ಮನೇಲಿ ಹೇಳ್ಕೊಂಡಿರ್ತಾನೆ ಪಾಪ. ಎಲ್ಲೋ ಒಂದು ಕಡೆ ನನ್ನ ಫೋಟೋ ಬರುತ್ತೆ, ನೋಡ್ತಾ ಇರಿ ಅಂತ."